ಕುರ್ಚಿ ಕೇಳಿ ತೆಗೆದುಕೊಳ್ಳಿ

ಕೇಳುಗರೇ, ನಮಸ್ಕಾರ.

ಯೋಗ ಶಿಬಿರಕ್ಕೋ ಧ್ಯಾನ ಶಿಬಿರಕ್ಕೋ ಹೋಗುವ ಮನಸ್ಸಿದ್ದೂ ಮೊಣಕಾಲಿಗೆ ಹೆದರಿ ಮನೆಯಲ್ಲೇ ಉಳಿದವರಿಗಾಗಿ ಇವತ್ತು ಮಾತಾಡುತ್ತೇನೆ. ಪುಣೆಯ ನಮ್ಮ ಕನ್ನಡದ ಮನೆಗಳಲ್ಲಿ ಇಂಥವರು ತುಂಬಾ ಇದ್ದಾರೆ. ಮಗ ಹಿಂಜವಡಿಯಲ್ಲಿ ಕೆಲಸಕ್ಕೆ, ಸೊಸೆ ಖರಾಡಿಯಲ್ಲಿ, ಮೊಮ್ಮಗು ಶಾಲೆಗೆ. ಧಾರವಾಡದಿಂದಲೋ ಬೆಳಗಾವಿಯಿಂದಲೋ ಬಂದ ಅಪ್ಪ ಅಮ್ಮನಿಗೆ ಒಂದು ವಾರ ಎಲ್ಲಾದರೂ ಶಾಂತವಾಗಿ ಇದ್ದು ಬರೋಣ ಅನ್ನಿಸುತ್ತದೆ. ಆಮೇಲೆ ‘ಅಲ್ಲಿ ನೆಲದ ಮೇಲೆ ಕೂರಬೇಕಲ್ಲಾ’ ಅಂತ ಸುಮ್ಮನಾಗಿಬಿಡುತ್ತಾರೆ.

ಕೂರಬೇಕಾಗಿಲ್ಲ. ಕುರ್ಚಿ ಕೇಳಿ. ನಾನು ಹೇಳಬೇಕಾದ್ದು ಇಷ್ಟೇ, ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ.

ಪುಣೆಯಲ್ಲಿರುವ ನಾವು ಪುಣ್ಯವಂತರು. ಲೋಕಲ್ ರೈಲು ಹತ್ತಿದರೆ ಲೋಣಾವಳ. ಅಲ್ಲಿ ಸ್ವಾಮಿ ಕುವಲಯಾನಂದರು 1924ರಲ್ಲಿ ಶುರು ಮಾಡಿದ ಕೈವಲ್ಯಧಾಮವಿದೆ. ಆಸನ, ಪ್ರಾಣಾಯಾಮ ಮಾಡುವಾಗ ದೇಹದಲ್ಲಿ ಏನಾಗುತ್ತದೆ ಅಂತ ಆ ಕಾಲದಲ್ಲೇ ಪ್ರಯೋಗಶಾಲೆಯಲ್ಲಿ ಅಳೆದು ನೋಡಿದವರು ಅವರು. ಸೊಲ್ಲಾಪುರದ ದಾರಿಯಲ್ಲಿ ಉರುಳಿ ಕಾಂಚನ್ ಇದೆ. ಗಾಂಧೀಜಿ 1946ರಲ್ಲಿ ಪ್ರಾರಂಭಿಸಿದ ನಿಸರ್ಗೋಪಚಾರ ಆಶ್ರಮ ಅಲ್ಲಿದೆ. ಮಣ್ಣಿನ ಪಟ್ಟಿ, ನೀರಿನ ಚಿಕಿತ್ಸೆ, ಪಥ್ಯದ ಊಟ, ಜೊತೆಗೆ ಯೋಗ. ಇನ್ನು ನಾಶಿಕ್ ಕಡೆ ಹೋದರೆ ಇಗತ್‌ಪುರಿ, ಗೋಯೆಂಕಾ ಗುರುಗಳ ವಿಪಶ್ಯನಾ ಅನ್ನುವ ಧ್ಯಾನದ ಕೇಂದ್ರ. 10 ದಿನ ಮೌನ. ಬೆಳಗ್ಗೆ 4 ಗಂಟೆಗೆ ಗಂಟೆ ಬಾರಿಸುತ್ತಾರೆ. ಶುಲ್ಕ ಅಂತ ಇಲ್ಲ, ಹಿಂದೆ ಶಿಬಿರ ಮಾಡಿದವರು ಕೊಟ್ಟ ದಾನದಿಂದಲೇ ನಡೆಯುತ್ತದೆ. ಅಲ್ಲಿ ನಾಲ್ಕನೇ ದಿನದಿಂದ, ದಿನಕ್ಕೆ ಮೂರು ಸಲ, ಒಂದೊಂದು ಗಂಟೆ ಕೈಕಾಲು ಅಲುಗಾಡಿಸದೆ ಕೂರಬೇಕು. ಇದನ್ನು ಕೇಳಿಯೇ ನಮ್ಮವರು ಗಾಬರಿಯಾಗುತ್ತಾರೆ. ಅಲ್ಲೂ ನೆಲದ ಮೇಲೆ ಕೂರಲು ಆಗದವರಿಗೆ ಕುರ್ಚಿ ಕೊಡುತ್ತಾರೆ. ಕೇಳಬೇಕು, ಅಷ್ಟೇ.

ಕುರ್ಚಿ ಹಿಡಿದರೆ ಯೋಗ ಅರ್ಧವಾಗುತ್ತದೆ ಅಂತ ಕೆಲವರು ನನಗೆ ಹೇಳುತ್ತಾರೆ. ಅವರಿಗೆ ನಾನು ಬಿ.ಕೆ.ಎಸ್. ಅಯ್ಯಂಗಾರ್ ಅವರ ಹೆಸರು ಹೇಳುತ್ತೇನೆ. ಕೋಲಾರದ ಬೆಳ್ಳೂರಿನವರು, 1918ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ, ಎಲ್ಲವನ್ನೂ ಕಂಡ ದೇಹ. ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ಹತ್ತಿರ ಕಲಿತು 1937ರಲ್ಲಿ ಪುಣೆಗೆ ಬಂದರು. ಆಗ ಅವರಿಗೆ ಮರಾಠಿ ಕೂಡ ಬರುತ್ತಿರಲಿಲ್ಲ. ಹಗ್ಗ, ಬೆಲ್ಟು, ಮರದ ಇಟ್ಟಿಗೆ, ಕಂಬಳಿ, ಮಡಚುವ ಕುರ್ಚಿ, ಇವನ್ನೆಲ್ಲ ಯೋಗದ ಕೋಣೆಯೊಳಗೆ ತಂದವರು ಅವರೇ. ತೊಂಬತ್ತು ದಾಟಿದ ಮೇಲೂ ಇವುಗಳ ಆಧಾರದಲ್ಲೇ ಅಭ್ಯಾಸ ಮಾಡುತ್ತಿದ್ದರು. ಅಂಥವರಿಗೆ ಆಧಾರ ಬೇಕಾಗಿದ್ದರೆ ನಮಗೆ ಬೇಡವೇ?

ಈಗ ಒಬ್ಬರ ಕಥೆ ಹೇಳಲೇಬೇಕು. ಧಾರವಾಡದ ಕಡೆಯವರು, ಈಗ ಮಗನ ಜೊತೆ ಕೊಥ್ರೂಡಿನಲ್ಲಿದ್ದಾರೆ. ಓಣಿಯವರೆಲ್ಲ ಕಾಕೂ ಅಂತ ಕರೆಯುತ್ತಾರೆ. ಶಾಲೆಯಲ್ಲಿ ಟೀಚರ್ ಆಗಿದ್ದವರು. ಜೀವಮಾನವೆಲ್ಲ ನಿಂತು ಪಾಠ ಮಾಡಿ ಮೊಣಕಾಲು ಸವೆದಿವೆ. ಧ್ಯಾನ ಕಲಿಯಬೇಕು ಅನ್ನುವುದು ಅವರ ಎಷ್ಟೋ ವರ್ಷಗಳ ಆಸೆ. ಕಾಕಾ ತೀರಿಕೊಂಡ ಮೇಲೆ ಮಗನೇ ಒಂದು ಶಿಬಿರಕ್ಕೆ ಹೆಸರು ಹಚ್ಚಿ ಕಳಿಸಿದ. ಧ್ಯಾನದ ಕೋಣೆಯ ಹಿಂದಿನ ಗೋಡೆಗೆ ಸಾಲಾಗಿ ಕುರ್ಚಿ ಇಟ್ಟಿದ್ದರಂತೆ. ಖಾಲಿ ಕುರ್ಚಿಗಳು! ಕಾಕೂ ಅವುಗಳನ್ನು ದಾಟಿಕೊಂಡು ಹೋಗಿ ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತರು. ಮೊದಲನೇ ದಿನ ಹಲ್ಲು ಕಚ್ಚಿದರು. ಎರಡನೇ ದಿನ ಮೊಣಕಾಲು ಬಾತುಕೊಂಡಿತು. ಮೂರನೇ ದಿನ ಮಗ ಕಾರು ತಂದು ಮನೆಗೆ ಕರೆದುಕೊಂಡು ಹೋದ.

ಆಮೇಲೆ ನಾನು ನಡೆಸುವ ಯೋಗ ಕ್ಲಾಸಿಗೆ ಬಂದರು. ಕುರ್ಚಿಯಲ್ಲಿ ಯಾಕೆ ಕೂರಲಿಲ್ಲ ಅಂತ ಕೇಳಿದೆ. ‘ಎಲ್ಲಾರೂ ನೆಲದ ಮ್ಯಾಲ ಕುಂತಾರ, ನಾ ಒಬ್ಬಾಕಿ ಕುರ್ಚಿ ಮ್ಯಾಲ ಹ್ಯಾಂಗ ಕೂಡ್ಲಿ ರೀ? ನಾಚಿಕಿ ಬರ್ತದ’ ಅಂದರು. ನನಗೆ ನಿಜಕ್ಕೂ ಸಿಟ್ಟು ಬಂತು. ಕಾಕೂ ಮೇಲಲ್ಲ, ಆ ನಾಚಿಕೆಯ ಮೇಲೆ. ನಮ್ಮ ಹೆಂಗಸರು ಬಸ್ಸಿನಲ್ಲಿ ಸೀಟು ಕೇಳುವುದಿಲ್ಲ, ಮದುವೆ ಮನೆಯಲ್ಲಿ ಕುರ್ಚಿ ಕೇಳುವುದಿಲ್ಲ, ಕಡೆಗೆ ದೇವರ ಎದುರೂ ಕೇಳುವುದಿಲ್ಲ.

ಅವತ್ತಿನಿಂದ ಕ್ಲಾಸಿನಲ್ಲಿ ಎಲ್ಲರಿಗಿಂತ ಮೊದಲು ಅವರಿಗೇ ಕುರ್ಚಿ ಹಾಕಿಸಿದೆ. ಮೊದಮೊದಲು ಅಂಚಿನಲ್ಲಿ, ಈಗಲೋ ಆಗಲೋ ಎದ್ದು ಹೋಗುವವರ ಹಾಗೆ ಕೂರುತ್ತಿದ್ದರು. ಬರಬರುತ್ತಾ ಬೆನ್ನು ನೇರವಾಯಿತು, ಭುಜ ಇಳಿಯಿತು. ಮುಂದಿನ ವರ್ಷ ಅದೇ ಶಿಬಿರಕ್ಕೆ ಹೋದರು. ಆಫೀಸಿನಲ್ಲಿ ಹೆಸರು ಬರೆಸುವ ಮೊದಲೇ ‘ನನಗ ಒಂದು ಕುರ್ಚಿ ಬೇಕ್ರಿ’ ಅಂದರಂತೆ. ಮಾರನೇ ದಿನ ನೋಡಿದರೆ, ನೆಲದ ಮೇಲೆ ಒದ್ದಾಡುತ್ತಿದ್ದ ಇನ್ನಿಬ್ಬರು ಬಂದು ಇವರ ಪಕ್ಕದ ಕುರ್ಚಿಗಳಲ್ಲಿ ಕೂತಿದ್ದರು! ಶಿಬಿರ ಪೂರ್ತಿ ಮುಗಿಸಿ ಬಂದು ಕಾಕೂ ನನಗೆ ಹೇಳಿದ್ದು ಇದು: ‘ಹೋದ ಸಲ ಬರೇ ಮೊಣಕಾಲು ನೋಡಿದ್ದೆ. ಈ ಸಲ ಉಸಿರು ನೋಡಿದೆ.’

ಮೊಣಕಾಲು ಯಾಕೆ ನೋಯುತ್ತದೆ ಅಂತಲೂ ತಿಳಿದುಕೊಳ್ಳಿ. ಅದು ಬಾಗಿಲಿನ ಕೀಲಿನ ಹಾಗೆ, ಮಡಚಲು ಬಿಡಿಸಲು ಇರುವುದು, ತಿರುಚಲು ಅಲ್ಲ. ಚಕ್ಕಳಮಕ್ಕಳ ಹಾಕಿದಾಗ ತೊಡೆ ಹೊರಕ್ಕೆ ತಿರುಗಬೇಕಾದ್ದು ಸೊಂಟದ ಹತ್ತಿರದ ಕೀಲಿನಿಂದ. ಅದು ಬಿಗಿಯಾಗಿದ್ದರೆ ತಿರುಚೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ಹಟ ಹಿಡಿದು ಕೂತರೆ ಸೊಂಟ ಸಡಿಲವಾಗುವುದಿಲ್ಲ, ಮೊಣಕಾಲು ಹಾಳಾಗುತ್ತದೆ.

ಕುರ್ಚಿಯಲ್ಲಿ ಕೂರುವುದಕ್ಕೂ ಒಂದು ರೀತಿ ಇದೆ. ಪಾದ ಪೂರ್ತಿ ನೆಲಕ್ಕೆ ತಾಗಬೇಕು. ತಾಗದಿದ್ದರೆ ಕೆಳಗೆ ಮಣೆ ಇಡಿ. ಪ್ಲಾಸ್ಟಿಕ್ ಕುರ್ಚಿಯ ಸೀಟು ಹಿಂದಕ್ಕೆ ಇಳಿಜಾರಾಗಿರುತ್ತದೆ. ಆ ತಗ್ಗಿಗೆ ಒಂದು ಟವೆಲ್ ಮಡಚಿ ಹಾಕಿದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಆಫೀಸಿನ ಚಕ್ರದ ಕುರ್ಚಿ ಬೇಡ. ಮನೆಯಲ್ಲಿ ಇವತ್ತೇ ಹತ್ತು ನಿಮಿಷ ಕೂತು ನೋಡಿ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಶುಗರ್, ಬಿಪಿ, ಫಿಟ್ಸ್, ಮನಸ್ಸಿನ ಕಾಯಿಲೆ, ಯಾವುದರ ಮಾತ್ರೆಯನ್ನೂ ಶಿಬಿರಕ್ಕೆ ಹೋದೆ ಅಂತ ನಿಲ್ಲಿಸಬೇಡಿ. ನಿಮ್ಮ ಡಾಕ್ಟರನ್ನು ಕೇಳಿಯೇ ಹೊರಡಿ. ಗ್ಲುಕೋಮಾ ಇದ್ದವರು ತಲೆ ಕೆಳಗೆ ಮಾಡುವ ಆಸನ ಮಾಡಬೇಡಿ, ಕಣ್ಣಿನ ಒತ್ತಡ ಏರುತ್ತದೆ. ಶುಗರ್ ಮಾತ್ರೆ ತೆಗೆದುಕೊಳ್ಳುವವರು ಉಪವಾಸಕ್ಕೆ, ಬರೀ ಜ್ಯೂಸಿಗೆ ಒಪ್ಪುವ ಮೊದಲು ಎರಡು ಸಲ ಯೋಚಿಸಿ. ಅರ್ಜಿ ಫಾರಂನಲ್ಲಿ ಆರೋಗ್ಯದ ಬಗ್ಗೆ ಕೇಳಿರುತ್ತಾರೆ. ಮಗನ ಕೈಲಿ ಸುಮ್ನೆ ‘ಇಲ್ಲ, ಇಲ್ಲ’ ಅಂತ ಟಿಕ್ ಮಾಡಿಸಬೇಡಿ. ಇದ್ದದ್ದನ್ನು ಇದ್ದ ಹಾಗೆ ಬರೆಸಿ. ಮೌನದ ಶಿಬಿರದಲ್ಲೂ ಗುರುಗಳ ಹತ್ತಿರ, ವ್ಯವಸ್ಥೆ ನೋಡಿಕೊಳ್ಳುವವರ ಹತ್ತಿರ ನಿಮ್ಮ ತೊಂದರೆ ಹೇಳಿಕೊಳ್ಳಬಹುದು.

ಹೆಸರು ಹಚ್ಚುವ ಮೊದಲು ಫೋನ್ ಮಾಡಿ. ಮರಾಠಿಯೋ ಹಿಂದಿಯೋ ಬರದಿದ್ದರೆ ಸೊಸೆಯ ಕೈಲಿ ಮಾಡಿಸಿ. ರೂಮು ಹೇಗಿದೆ, ಊಟ ಹೇಗಿದೆ ಅಂತ ಆಮೇಲೆ ಕೇಳಿ. ಕುರ್ಚಿ ಕೊಡುತ್ತೀರಾ ಅಂತ ಮೊದಲು ಕೇಳಿ. ಇಲ್ಲ ಅಂದರೆ ಅಲ್ಲಿಗೆ ಹೋಗಬೇಡಿ, ಬೇರೆ ಕಡೆ ಕೇಳಿ. ನಮಸ್ಕಾರ.