ಹೆಬ್ಬೆರಳಿಗೂ ಕೆಲಸ ಕೊಡೋ ಕೀಬೋರ್ಡು

ಕೇಳುಗರಿಗೆಲ್ಲ ನಮಸ್ಕಾರ. ಎಡಗೈಗೊಂದು ಬಲಗೈಗೊಂದು ಅಂತ ಎರಡು ಭಾಗ ಆಗಿರೋ ಕೀಬೋರ್ಡ್ ನೋಡಿದೀರಾ? ಎರ್ಗೋಡಾಕ್ಸ್, ಮೂನ್‌ಲ್ಯಾಂಡರ್, ಕಾರ್ನ್ ಅಂತೆಲ್ಲ ಇವೆ. ಎರಡನ್ನೂ ಭುಜದಷ್ಟು ಅಗಲಕ್ಕೆ ಇಟ್ಕೊಂಡ್ರೆ ಮಣಿಕಟ್ಟನ್ನ ಸೊಟ್ಟ ಮಾಡ್ಕೊಂಡು ಟೈಪ್ ಮಾಡೋದು ತಪ್ಪುತ್ತೆ, ಹಾಗಂತ ಕೈನೋವಿಗೆ ಇದೇ ಮದ್ದು ಅಂತ ತಿಳ್ಕೋಬೇಡಿ, ಅದಕ್ಕೆ ಡಾಕ್ಟರ್ ಹತ್ರಾನೇ ಹೋಗಿ.

ಮಾಮೂಲಿ ಕೀಬೋರ್ಡಲ್ಲಿ ಒಂದೊಂದು ಸಾಲೂ ಸ್ವಲ್ಪ ಪಕ್ಕಕ್ಕೆ ಸರಿದಿರುತ್ತಲ್ಲ, ಅದು ನಮ್ಮ ಬೆರಳಿಗೋಸ್ಕರ ಅಲ್ಲ, 1870ರ ದಶಕದ ಟೈಪ್‌ರೈಟರ್ ಒಳಗೆ ಸಲಾಕೆಗಳಿಗೆ ಜಾಗ ಬೇಕಿತ್ತು ಅಂತ. ಸಲಾಕೆ ಹೋದ್ರೂ ಸೊಟ್ಟಸಾಲು ಮಾತ್ರ ಹಾಗೇ ಉಳೀತು. ಮೊದಲು ಹೇಳಿದ ಆ ಮೂರು ಕೀಬೋರ್ಡಲ್ಲೂ ಕೀಗಳು ಮೇಲಿಂದ ಕೆಳಕ್ಕೆ ನೇರ ನಿಂತಿರುತ್ವೆ, ಜೊತೆಗೆ ಹೆಬ್ಬೆರಳಿಗೆ ಅಂತಾನೇ ಒಂದಷ್ಟು ಕೀ ಇರುತ್ತೆ.

ನನಗೆ ಇಷ್ಟ ಆಗಿದ್ದು ಈ ಹೆಬ್ಬೆರಳ ಕೀಗಳೇ. ಯಾಕಂದ್ರೆ ಇನ್‌ಸ್ಕ್ರಿಪ್ಟ್ ಅನ್ನೋ ಕೀ ಜೋಡಣೇಲಿ ಕನ್ನಡ ಹೊಡೆಯೋರಿಗೆ ಶಿಫ್ಟ್ ಕಾಟ ಜಾಸ್ತಿ: ಮಹಾಪ್ರಾಣಕ್ಕೆ ಶಿಫ್ಟ್, ಳ ಣ ಎರಡಕ್ಕೂ ಶಿಫ್ಟ್, ಅಮ್ಮ ಅಂತ ಶುರು ಮಾಡೋಕೂ ಮೊದಲು ಶಿಫ್ಟ್, ಆ ಕೆಲಸ ಎಲ್ಲ ಬೀಳೋದು ಪಾಪ ಕಿರುಬೆರಳ ಮೇಲೆ. ಅದರಲ್ಲೂ ಬಲಗೈ ಕಿರುಬೆರಳಿಗೆ ಜ, ಚ, ಟ, ಡ, ಯ ಇಷ್ಟೂ ಮೊದಲೇ ಗಂಟುಬಿದ್ದಿವೆ! ಶಿಫ್ಟನ್ನ ಹೆಬ್ಬೆರಳಿಗೆ ತಂದು ಒನ್‌ಶಾಟ್ ಮಾಡ್ಕೊಂಡ್ರೆ ಒತ್ತಿ ಹಿಡ್ಕೊಂಡಿರೋದೂ ಬೇಡ, ಒಂದ್ಸಲ ತಟ್ಟಿ ಬಿಟ್ರೆ ಮುಂದಿನ ಅಕ್ಷರಕ್ಕೆ ಮಾತ್ರ ಅನ್ವಯ ಆಗುತ್ತೆ.

ಕಾರ್ನ್‌ನ ಮಾಮೂಲಿ ಮಾದರೀಲಿ ಇರೋದು ಬರೀ 42 ಕೀ, ಅದರಲ್ಲಿ ಇನ್‌ಸ್ಕ್ರಿಪ್ಟಿನ ಡ ಕೂರೋ, ಪಿ ಪಕ್ಕದ ಚೌಕಾವರಣದ (ಬ್ರಾಕೆಟ್) ಕೀಗೇ ಜಾಗ ಇಲ್ಲ. ಮಾಡು ನೋಡು ಓಡು ಹಾಡು, ಡ ಇಲ್ದೆ ಕನ್ನಡ ಬರೆಯೋದು ಹೆಂಗೆ ಹೇಳಿ? ಅಲ್ಲಿ ಲೇಯರ್ ಬೇಕಾಗುತ್ತೆ, ಅಂದ್ರೆ ಒಂದು ಕೀ ಒತ್ತಿದ್ರೆ ಉಳಿದ ಕೀಗಳ ಕೆಲಸ ಬದಲಾಗೋ ಏರ್ಪಾಡು. ಕನ್ನಡಕ್ಕೇ ಒಂದು ಲೇಯರ್ ಮಾಡಿ ಆ ಚೌಕಾವರಣದ ಕೀನ ಕೈಗೆ ಸಿಗೋ ಕಡೆ ಕೂರಿಸ್ಬೋದು. ಕೀಬೋರ್ಡಿಗೆ ಕನ್ನಡ ಗೊತ್ತಿಲ್ಲ, ಅದು ಯಾವ ಕೀ ಒತ್ತಿದ್ರು ಅಂತ ಮಾತ್ರ ಹೇಳುತ್ತೆ, ಅಕ್ಷರ ಮಾಡೋದು ಕಂಪ್ಯೂಟರ್ರು. ನೀವು ಮಾಡಿದ ಬದಲಾವಣೆ ಕೀಬೋರ್ಡೊಳಗಿನ ಚಿಪ್ಪಲ್ಲೇ ಉಳಿಯುತ್ತೆ, ಹಂಗಾಗಿ ಬೇರೆ ಕಂಪ್ಯೂಟರಿಗೆ ಚುಚ್ಚಿದ್ರೂ ನಡೆಯುತ್ತೆ, ಅಲ್ಲಿ ಇನ್‌ಸ್ಕ್ರಿಪ್ಟ್ ಆನ್ ಇದ್ರೆ ಸಾಕು.

ಇದಕ್ಕೆಲ್ಲ ಕ್ಯುಎಂಕೆ ಅನ್ನೋ ಮುಕ್ತ ತಂತ್ರಾಂಶ ಇದೆ, ಕೋಡ್ ಬರೆಯೋಕೆ ಬೇಜಾರಾದ್ರೆ ವಯಲ್ ಅನ್ನೋ ತಂತ್ರಾಂಶ ನಡೆಯೋ ಕೀಬೋರ್ಡ್ ತಗೊಳ್ಳಿ, ಮೌಸಲ್ಲೇ ಕೀ ಬದಲಾಯಿಸ್ಬೋದು. ಬೆಲೆ ಮಾತ್ರ ಮಾಮೂಲಿ ಕೀಬೋರ್ಡಿಗಿಂತ ಎಷ್ಟೋ ಜಾಸ್ತಿ, ಅದಕ್ಕೇ ಕಾಸು ಹಾಕೋ ಮುಂಚೆ ಅದರ ನಕ್ಷೆನ ಅಸಲಿ ಅಳತೇಲಿ ಪ್ರಿಂಟ್ ತಗೊಂಡು ಮೇಜಿನ ಮೇಲೆ ಹಾಸಿ, ಬೆರಳಿಟ್ಟು ನೋಡಿ, ಹೆಬ್ಬೆರಳು ಎಲ್ಲಿಗೆ ಎಟುಕುತ್ತೆ ಅಂತ ಗೊತ್ತಾಗುತ್ತೆ.