ಅಂಚೆ ಕಾರ್ಡಿನಷ್ಟು ರಬ್ಬರು

ನಮಸ್ಕಾರ. ನನ್ನ ಗ್ಯಾರೇಜಿನ ಗೋಡೆಗೆ ನಾಲ್ಕು ಅಲಾಯ್ ಚಕ್ರಗಳು ಒರಗಿ ನಿಂತಿವೆ. ಕಂಚಿನ ಬಣ್ಣ, 15 ಇಂಚು ವ್ಯಾಸ, 9 ಇಂಚು ಅಗಲ. ಆಸೆಪಟ್ಟು ಕೊಂಡವು. ಎಂಟು ತಿಂಗಳು ಓಡಿಸಿ, ಕಳೆದ ವಾರ ಬಿಚ್ಚಿಟ್ಟೆ. ಕ್ಯಾಲಿಫೋರ್ನಿಯಾದಲ್ಲಿ ಹಳೆಯ ಕಾರುಗಳ ಗೀಳು ಹಚ್ಚಿಕೊಂಡ ಕನ್ನಡಿಗರು ನನಗೆ ಗೊತ್ತಿರುವವರೇ ಆರೇಳು ಮಂದಿ ಇದ್ದಾರೆ. ಅವರಲ್ಲಿ ಇಬ್ಬರು ಈಗ ಇದೇ ಅಳತೆಯ ಚಕ್ರ ಕೊಳ್ಳಲು ಹೊರಟಿದ್ದಾರೆ. ಕೊಳ್ಳುವ ಮೊದಲು ಅವರು ಇದನ್ನು ಕೇಳಿಸಿಕೊಳ್ಳಲಿ ಎಂಬುದು ನನ್ನ ಆಸೆ.

ನನ್ನದು 1992ರ ಮಾಜ್ದಾ ಮಿಯಾಟಾ, ಇಬ್ಬರೇ ಕೂರುವ ಜಪಾನಿ ಸ್ಪೋರ್ಟ್ಸ್ ಕಾರು. ಕೆಂಪು ಬಣ್ಣ, ಪವರ್ ಸ್ಟೀರಿಂಗ್ ಇಲ್ಲದ ಸಾದಾ ಮಾದರಿ. ಈ ಕಾರು 1989ರ ಫೆಬ್ರವರಿಯಲ್ಲಿ ಶಿಕಾಗೊ ವಾಹನ ಪ್ರದರ್ಶನದಲ್ಲಿ ಮೊದಲ ಬಾರಿಗೆ ಜನರ ಕಣ್ಣಿಗೆ ಬಿತ್ತು. 1.6 ಲೀಟರಿನ ಎಂಜಿನ್, 115ರ ಆಸುಪಾಸಿನ ಅಶ್ವಶಕ್ತಿ, ಒಂದು ಟನ್ನಿಗಿಂತ ಕಡಿಮೆ ತೂಕ. ಇಂದಿನ ಲೆಕ್ಕದಲ್ಲಿ ಇದು ಬಡಪಾಯಿ ಶಕ್ತಿ. ಆದರೆ ಅದನ್ನು ಕಟ್ಟಿದ ಎಂಜಿನಿಯರುಗಳು ಬೆನ್ನು ಹತ್ತಿದ್ದು ವೇಗವನ್ನಲ್ಲ. ಜಪಾನಿಯರು ‘ಜಿಂಬಾ ಇಟ್ಟಾಯ್’ ಎನ್ನುತ್ತಾರೆ: ಕುದುರೆ ಮತ್ತು ಸವಾರ ಒಂದೇ ಜೀವವಾಗುವುದು. ಆ ಮಾತನ್ನು ಎದುರಿಗಿಟ್ಟುಕೊಂಡೇ ಅವರು ಈ ಕಾರಿಗೆ 14 ಇಂಚಿನ, ಬರೀ ಐದೂವರೆ ಇಂಚು ಅಗಲದ ಚಕ್ರ ಕೊಟ್ಟರು. ಅದಕ್ಕೆ 185/60 ಟೈರು: 185 ಮಿಲಿಮೀಟರ್ ಅಗಲ, ಅದರ ಶೇಕಡಾ 60ರಷ್ಟು ಎತ್ತರದ ಗೋಡೆ. ಖರ್ಚು ಉಳಿಸಲು ಸಣ್ಣದು ಹಾಕಿದರು ಎಂದು ಕೆಲವರು ಹೇಳುತ್ತಾರೆ, ನಾನೂ ನಂಬಿದ್ದೆ. ಈಗ ನಂಬುವುದಿಲ್ಲ.

ಮೊದಲು ಅಳತೆಯ ಮಾತು. ಅಂಗಡಿಗಳಲ್ಲಿ ‘ಸರಿಯಾಗಿ ಕೂರುತ್ತದೆ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನೀವು ಹಾಗೆ ಮುಗಿಸಬೇಡಿ. ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಕಾರಿನಲ್ಲಿ ಚಕ್ರವನ್ನು ಕೂರಿಸುವ, ಸುತ್ತುವ ನಡುಭಾಗವೇ ಹಬ್. ಚಕ್ರ ಹಬ್ಬಿಗೆ ಅಂಟುವ ಮುಖಕ್ಕೂ ಚಕ್ರದ ಅಗಲದ ನಟ್ಟನಡುವಿಗೂ ಇರುವ ದೂರವನ್ನು ಆಫ್‌ಸೆಟ್ ಎನ್ನುತ್ತಾರೆ. ಮೂಲ ಚಕ್ರದ ಆಫ್‌ಸೆಟ್ 45 ಮಿಲಿಮೀಟರ್. ಐದೂವರೆ ಇಂಚಿನ ಅರ್ಧ 70 ಮಿಲಿಮೀಟರ್ ಎಂದುಕೊಳ್ಳಿ. 70ರಲ್ಲಿ 45 ಕಳೆದರೆ 25: ಚಕ್ರ ಹಬ್ಬಿನಿಂದ ಹೊರಗೆ ಚಾಚುವುದು ಅಷ್ಟೇ. ನಾನು ಕೊಂಡ ಚಕ್ರದ ಆಫ್‌ಸೆಟ್ 36. ಒಂಬತ್ತು ಇಂಚಿನ ಅರ್ಧ 114. ಅದರಲ್ಲಿ 36 ಕಳೆದರೆ 78. ಅಂದರೆ ಚಕ್ರದ ಅಂಚು ಮೊದಲಿಗಿಂತ ಐದು ಸೆಂಟಿಮೀಟರಿಗೂ ಹೆಚ್ಚು ಹೊರಗೆ ಬಂತು. ಒಳಗಡೆಗೂ ಸುಮಾರು ಮೂರೂವರೆ ಸೆಂಟಿಮೀಟರ್ ನುಗ್ಗಿತು. ಮೂರು ಬೆರಳು ಜೋಡಿಸಿ, ಚಕ್ರದ ಮೇಲೆ ಕಮಾನಿನಂತೆ ಬಾಗಿರುವ ತಗಡು, ಅಂದರೆ ಫೆಂಡರಿನ ಅಂಚಿನ ಕೆಳಗೆ ಹಿಡಿದು ನೋಡಿ, ಐದು ಸೆಂಟಿಮೀಟರ್ ಎಷ್ಟು ದೊಡ್ಡದೆಂದು ಆಗ ಗೊತ್ತಾಗುತ್ತದೆ.

ಮಿಯಾಟಾದ ಫೆಂಡರಿನ ಅಂಚು ಒಳಕ್ಕೆ ಮಡಚಿಕೊಂಡು ಒಂದು ತೆಳುವಾದ ತುಟಿಯಂತೆ ನಿಂತಿರುತ್ತದೆ. ಅಗಲದ ಟೈರು ಹಾಕುವವರು ಆ ತುಟಿಯನ್ನು ಬಿಸಿಗಾಳಿ ಊದಿ, ಉರುಳೆ ಹಾಯಿಸಿ, ಮೇಲಕ್ಕೆ ಒತ್ತಿ ಮಡಚಬೇಕು. ಬಣ್ಣ ಬಿಸಿಯಾಗದಿದ್ದರೆ ಸಿಡಿದು ಬಿರುಕು ಬಿಡುತ್ತದೆ. ನನಗೆ ಚಕ್ರ ಹಾಕಿಕೊಟ್ಟ ಅಂಗಡಿಯವರು ಅದೇನೂ ಬೇಡ ಎಂದರು. ನಾನು ನಂಬಿದೆ, ಏಕೆಂದರೆ ಕಾರು ನಿಂತಾಗ ಜಾಗ ಇತ್ತು.

ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಸರಟೋಗಾದಿಂದ ಹೈವೇ 9 ಹತ್ತಿದೆ. ರೆಡ್‌ವುಡ್ ಮರಗಳ ನಡುವೆ ಸುತ್ತಿ ಸುತ್ತಿ ಸ್ಕೈಲೈನ್ ರಸ್ತೆಗೆ ಸೇರುವ ಘಾಟಿ ಅದು. ತೀರ್ಥಹಳ್ಳಿ ಕಡೆಯವನಾದ ನನಗೆ ಅಲ್ಲಿ ಮಳೆ ಬಂದರೆ ಆಗುಂಬೆ ನೆನಪಾಗುತ್ತದೆ. ಅದೇ ಹಸಿ ಎಲೆಯ ವಾಸನೆ, ತಿರುವಿನಲ್ಲಿ ಅದೇ ಮಂಜು. ಹೆಂಡತಿ ಪಕ್ಕದಲ್ಲಿ ಕೂತಿದ್ದಳು. ಒಂದು ಬಲ ತಿರುವಿನಲ್ಲಿ ರಸ್ತೆ ತಗ್ಗಾಗಿತ್ತು. ಕಾರು ಎಡಕ್ಕೆ ವಾಲಿ ಕುಗ್ಗಿತು. ಹಿಂದಿನಿಂದ ‘ಝರ್ರ್’ ಎಂದು ಬಟ್ಟೆ ಹರಿದಂಥ ಸದ್ದು. ಮೇಲಿನ ನಿಲುಗಡೆ ಜಾಗದಲ್ಲಿ ಇಳಿದು ನೋಡಿದೆ. ಎಡ ಹಿಂದಿನ ಟೈರಿನ ಹೊರ ಭುಜದಲ್ಲಿ ಕಿರುಬೆರಳಿನಷ್ಟು ಅಗಲದ ರಬ್ಬರು ಸಿಪ್ಪೆಯಂತೆ ಸುಲಿದಿತ್ತು. ಸುಟ್ಟ ವಾಸನೆ ಇನ್ನೂ ಇತ್ತು. ಕೈ ಒಳಗೆ ಹಾಕಿದರೆ ಫೆಂಡರಿನ ತುಟಿ ಉಜ್ಜಿ ಉಜ್ಜಿ ಬ್ಲೇಡಿನಂತೆ ಹರಿತವಾಗಿತ್ತು. ಇನ್ನೊಂದೆರಡು ಮಿಲಿಮೀಟರ್ ಆಳಕ್ಕೆ ಇಳಿದಿದ್ದರೆ ಟೈರಿನ ನೂಲುಗಳೇ ಹೊರಗೆ ಬರುತ್ತಿದ್ದವು. ಪಕ್ಕದಲ್ಲಿ ನನ್ನವಳು ಕೂತಿದ್ದ ಕಾರು ಅದು. ಆ ಕ್ಷಣವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ.

ಸರಿ, ತುಟಿ ಮಡಚಿದರೆ ಉಜ್ಜುವುದು ನಿಲ್ಲುತ್ತದೆ. ನಾನೂ ಬೇರೆ ಕಡೆ ಮಡಚಿಸಿದೆ, ಕ್ಯಾಂಬರ್ ಬದಲಿಸಿ ಟೈರಿನ ತಲೆಯನ್ನು ಸ್ವಲ್ಪ ಒಳಕ್ಕೆ ವಾಲಿಸಿದೆ. ಉಜ್ಜುವುದು ನಿಂತಿತು. ಕಾರಿನ ಮೇಲಿನ ನನ್ನ ಪ್ರೀತಿ ಮಾತ್ರ ಮರಳಲಿಲ್ಲ. ಇಲ್ಲಿಂದ ಮುಂದಿನದೇ ನನ್ನ ನಿಜವಾದ ವಾದ.

ಟೈರು ಅಗಲವಾದರೆ ರಸ್ತೆಗೆ ಹೆಚ್ಚು ರಬ್ಬರು ತಾಗುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತೇವೆ. ಈ ಕಾರಿನಲ್ಲಿ ಪ್ರತಿ ಚಕ್ರದ ಮೇಲೆ ಸುಮಾರು 250 ಕಿಲೋ ಭಾರ. ಬಾಗಿಲ ಬದಿಯ ಚೀಟಿಯಲ್ಲಿ ಬರೆದಿರುವ ಗಾಳಿಯ ಒತ್ತಡ ಚದರ ಇಂಚಿಗೆ 26 ಪೌಂಡು, ಅಂದರೆ 26 ಪಿಎಸ್‌ಐ. ಭಾರವನ್ನು ಒತ್ತಡದಿಂದ ಭಾಗಿಸಿದರೆ 137 ಚದರ ಸೆಂಟಿಮೀಟರಿನ ಹತ್ತಿರ ಬರುತ್ತದೆ. ಟೈರಿನ ಗೋಡೆಯ ಬಿಗಿಯಿಂದ ಸ್ವಲ್ಪ ಆಚೀಚೆ ಆದೀತು. ನಮ್ಮ ಅಂಚೆ ಕಾರ್ಡು 14 ಸೆಂಟಿಮೀಟರ್ ಉದ್ದ, 9 ಅಗಲ. ಹೆಚ್ಚುಕಡಿಮೆ ಅಷ್ಟೇ ಜಾಗ. ಟೈರು ಮೂಲದ 185 ಇರಲಿ, ನಾನು ಹಾಕಿಸಿದ 225 ಇರಲಿ, ಅದೇ ಭಾರ, ಅದೇ ಗಾಳಿ ಇದ್ದರೆ ನೆಲಕ್ಕೆ ತಾಗುವುದು ಹೆಚ್ಚುಕಡಿಮೆ ಒಂದು ಅಂಚೆ ಕಾರ್ಡಿನಷ್ಟೇ. ಬದಲಾಗುವುದು ಅದರ ಆಕಾರ. ಅಗಲದ ಟೈರಿನಲ್ಲಿ ಆ ಕಾರ್ಡು ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಕುಗ್ಗುತ್ತದೆ.

ಆಕಾರ ಬದಲಾದರೆ ಲಾಭ ಇದೆ, ಇಲ್ಲ ಎನ್ನುವುದಿಲ್ಲ. ತಿರುಗಿಸಿದ ತಕ್ಷಣ ಕಚ್ಚುತ್ತದೆ, ಬಿಸಿಯನ್ನು ಹಂಚಿಕೊಳ್ಳುತ್ತದೆ, ಟ್ರ್ಯಾಕಿನಲ್ಲಿ ಸೆಕೆಂಡುಗಳು ಉಳಿಯುತ್ತವೆ. ಆದರೆ ಮಳೆಯ ನೀರನ್ನು ಸೀಳಿಕೊಂಡು ಹೋಗಲು ಕಿರಿದಾದ ಟೈರೇ ಮೇಲು. ಅಗಲದ್ದು ಬೇಗ ತೇಲುತ್ತದೆ. ಲಾರಿಗಳು ಓಡಾಡಿ ಕೊರೆದ ಗಾಡಿಜಾಡಿನಲ್ಲಿ ಅಗಲದ ಟೈರು ಜಾಡಿನ ಹಿಂದೆಯೇ ಓಡುತ್ತದೆ, ಸ್ಟೀರಿಂಗ್ ಕೈಯಿಂದ ಎಳೆದುಕೊಳ್ಳುತ್ತದೆ. ಹೈವೇ 101ರಲ್ಲಿ ದಿನವೂ ಎರಡೂ ಕೈಯಲ್ಲಿ ಬಿಗಿಹಿಡಿದು ಆಫೀಸಿಗೆ ಹೋಗುತ್ತಿದ್ದೆ. ಅಂಗಡಿ ಮುಂದೆ ನಿಲ್ಲಿಸುವಾಗ ಸ್ಟೀರಿಂಗ್ ತಿರುಗಿಸಲು ಭುಜ ಕೊಡಬೇಕಿತ್ತು. ಮನೆಯ ತೂಕದ ಯಂತ್ರದ ಮೇಲೆ ಇಟ್ಟು ನೋಡಿದೆ: ಟೈರು ಸೇರಿ ಹಳೆಯ ಚಕ್ರ 13 ಕಿಲೋ, ಹೊಸದು 16ಕ್ಕೂ ಮೇಲೆ. ಸ್ಪ್ರಿಂಗಿನ ಕೆಳಗಿರುವ, ಸುತ್ತುತ್ತಲೇ ಇರುವ ತೂಕ ಅದು. ಇಷ್ಟು ಸಣ್ಣ ಎಂಜಿನ್ ಆ ಮೂರು ಕಿಲೋವನ್ನು ಪ್ರತಿ ಗೇರಿನಲ್ಲೂ ಹೊರುತ್ತದೆ. ಹಬ್ಬಿನ ಬೇರಿಂಗುಗಳ ಮೇಲೂ ಹೆಚ್ಚಿನ ಒತ್ತಡ ಬೀಳುತ್ತದೆ, ಅವಕ್ಕಾಗಲೇ ಮೂವತ್ತು ವರ್ಷ ದಾಟಿದೆ.

ಎಲ್ಲಕ್ಕಿಂತ ನನಗೆ ನೋವಾದದ್ದು ಬೇರೆ. 185ರ ಟೈರಿನಲ್ಲಿ ಈ ಕಾರು ತಿರುವಿನಲ್ಲಿ ಜಾರುವ ಮೊದಲು ಹೇಳುತ್ತದೆ. ಗಂಟೆಗೆ 50 ಕಿಲೋಮೀಟರಿನಲ್ಲಿಯೇ ಸ್ಟೀರಿಂಗ್ ಸ್ವಲ್ಪ ಹಗುರಾಗುತ್ತದೆ, ಸೊಂಟದ ಕೆಳಗೆ ಕಾರು ಮೆಲ್ಲಗೆ ಹೊರಳುತ್ತದೆ, ನೀವು ಕಾಲು ಸಡಿಲಿಸುತ್ತೀರಿ, ಅದು ತಿರುಗಿ ನೆಲ ಹಿಡಿಯುತ್ತದೆ. ಸವಾರಿ ಎನ್ನುವುದು ಆ ಮಾತುಕತೆಯೇ. 225 ಹಾಕಿದ ಮೇಲೆ ಕಾರು ಬಾಯಿ ಮುಚ್ಚಿಕೊಂಡಿತು. ಅದು ಮಾತನಾಡುವ ವೇಗಕ್ಕೆ ಹೋಗಬೇಕಾದರೆ ಸಾರ್ವಜನಿಕ ರಸ್ತೆಯಲ್ಲಿ ಹೋಗಬಾರದಷ್ಟು ಜೋರಾಗಿ ಹೋಗಬೇಕು. ಅಷ್ಟು ಹೊತ್ತಿಗೆ ತಪ್ಪು ತಿದ್ದಲು ಜಾಗ ಉಳಿದಿರುವುದಿಲ್ಲ.

2017ರಲ್ಲಿ ಮಾಜ್ದಾ ಜಪಾನಿನಲ್ಲಿ ಈ ಮೊದಲ ತಲೆಮಾರಿನ ಕಾರುಗಳನ್ನು ಪುನಶ್ಚೇತನ ಮಾಡಿಕೊಡುವ ಯೋಜನೆ ಪ್ರಕಟಿಸಿತು. ಮತ್ತೆ ತಯಾರಿಸಿದ ವಸ್ತುಗಳಲ್ಲಿ ಒಂದು ಟೈರೂ ಇತ್ತು. ಬ್ರಿಜ್‌ಸ್ಟೋನ್ ಕಂಪನಿ ಹಳೆಯ ಎಸ್‌ಎಫ್325 ಟೈರನ್ನು ಅದೇ 185/60, 14 ಇಂಚಿನ ಅಳತೆಯಲ್ಲಿ, ಮೈಮೇಲಿನ ಗೀರುಗಳ ಅದೇ ಅಚ್ಚಿನ ವಿನ್ಯಾಸದಲ್ಲಿ ಮಾಡಿಕೊಟ್ಟಿತು. ಕಾರನ್ನು ಕಟ್ಟಿದವರಿಗೆ ಆ ಸಣ್ಣ ಟೈರು ಎಷ್ಟು ಮುಖ್ಯ ಎಂಬುದು ಇದನ್ನು ಓದಿದ ದಿನ ನನಗೆ ತಿಳಿಯಿತು.

ಒಂದು ಮಾತು ಒಪ್ಪಿಕೊಳ್ಳಲೇಬೇಕು: 14 ಇಂಚಿನಲ್ಲಿ ಒಳ್ಳೆಯ ಟೈರುಗಳ ಆಯ್ಕೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಸಿಗದಿದ್ದರೆ 15 ಇಂಚಿನ, 7 ಇಂಚು ಮೀರದ ಹಗುರ ಚಕ್ರಕ್ಕೆ 195/50 ಟೈರು ಹಾಕಿ. ಅದರ ಒಟ್ಟು ವ್ಯಾಸ 576 ಮಿಲಿಮೀಟರ್, ಮೂಲದ್ದು 578. ಗೇರಿನ ಲೆಕ್ಕವೂ ಕೆಡುವುದಿಲ್ಲ, ವೇಗದ ಮುಳ್ಳೂ ಸುಳ್ಳು ಹೇಳುವುದಿಲ್ಲ. ಮೂಲ ಚಕ್ರದ ನಡು ರಂಧ್ರ 54.1 ಮಿಲಿಮೀಟರ್ ಎಂಬುದನ್ನು ನೆನಪಿಡಿ. ಬೇರೆ ಕಂಪನಿಗಳ ಚಕ್ರಗಳಲ್ಲಿ ಅದು ಸಾಮಾನ್ಯವಾಗಿ ದೊಡ್ಡದಿರುತ್ತದೆ. ನಡುವೆ ಉಂಗುರ ಹಾಕಿಸಿ, ಇಲ್ಲವಾದರೆ ಚಕ್ರ ಸರಿಯಾಗಿ ನಡುವಿಗೆ ಕೂರದೆ ಸ್ಟೀರಿಂಗ್ ನಡುಗುತ್ತದೆ. ಜರ್ಮನಿಯಲ್ಲಿರುವ ಗೆಳೆಯರೇ, ನಿಮ್ಮಲ್ಲಿ ಚಕ್ರದ ಅಳತೆ ಬದಲಿಸಿದರೆ ತಪಾಸಣೆಯ ಕಾಗದಪತ್ರದ ಕೆಲಸವೂ ಇದೆ, ಮೊದಲೇ ವಿಚಾರಿಸಿಕೊಳ್ಳಿ.

ಹಣ ಎಲ್ಲಿ ಹಾಕಬೇಕು ಎಂದು ಕೇಳಿದರೆ, ಹೊಸ ರಬ್ಬರಿಗೆ ಹಾಕಿ ಎನ್ನುತ್ತೇನೆ. ಟೈರಿನ ಗೋಡೆಯ ಮೇಲೆ DOT ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2314 ಎಂದಿದ್ದರೆ 2014ರ 23ನೆಯ ವಾರದಲ್ಲಿ ಹುಟ್ಟಿದ್ದು. ವಾರಕ್ಕೊಮ್ಮೆ ಹೊರಗೆ ಬರುವ ಹಳೆಯ ಕಾರುಗಳಲ್ಲಿ ಟೈರು ಸವೆಯುವುದಿಲ್ಲ, ಮುದಿಯಾಗುತ್ತದೆ. ಮೈಮೇಲಿನ ಅಚ್ಚು ಚೆನ್ನಾಗಿಯೇ ಕಾಣುತ್ತದೆ, ರಬ್ಬರು ಮಾತ್ರ ಒಣಗಿದ ಹಲಸಿನ ತೊಗಟೆಯಂತಿರುತ್ತದೆ. ‘ಸಣ್ಣ ಟೈರು ಹಿಡಿಯುವುದಿಲ್ಲ’ ಎಂದು ದೂರುವವರ ಕಾರಿನ ಹತ್ತಿರ ಹೋಗಿ ನಾನು ಮೊದಲು ಆ ನಾಲ್ಕು ಅಂಕಿ ಓದುತ್ತೇನೆ. ನನ್ನ ಕಾರಿನ ಹಳೆಯ 185ರ ಟೈರುಗಳು, ನಾನು ದೂರು ಹೇಳಿ ಕಿತ್ತುಹಾಕಿದವು, ಹದಿಮೂರು ವರ್ಷದವಾಗಿದ್ದವು.

ಗೋಡೆಗೆ ಒರಗಿರುವ ಕಂಚಿನ ಚಕ್ರಗಳನ್ನು ನೋಡಲು ನಿನ್ನೆ ಒಬ್ಬ ಹುಡುಗ ಬಂದಿದ್ದ. ಅವನ ಮಿಯಾಟಾ ರಸ್ತೆಗೆ ಇಳಿಯುವುದೇ ಇಲ್ಲ, ಟ್ರೈಲರಿನ ಮೇಲೆ ಟ್ರ್ಯಾಕಿಗೆ ಹೋಗುತ್ತದೆ. ಸಸ್ಪೆನ್ಷನ್ ಗಟ್ಟಿ ಮಾಡಿಸಿದ್ದಾನೆ, ಹಬ್ಬುಗಳನ್ನು ಬದಲಿಸಿದ್ದಾನೆ, ಫೆಂಡರಿನ ತುಟಿ ಪೂರ್ತಿ ಮಡಚಿದ್ದಾನೆ. ನಾನು ಸುಲಿದ ಟೈರನ್ನು ತೋರಿಸಿ, ಎಲ್ಲಿ ಉಜ್ಜಿತು ಎಂದು ವಿವರಿಸಿದೆ. ಅವನು ಜೇಬಿನಿಂದ ಟೇಪು ತೆಗೆದು, ಚಕ್ರವನ್ನು ಅಳೆದು, ಲೆಕ್ಕ ಹಾಕಿ, ಕೈಯ ಮೇಲೆಯೇ 78 ಎಂದು ಬರೆದುಕೊಂಡ. ಶನಿವಾರ ಬಂದು ಒಯ್ಯುತ್ತಾನೆ.