ಕುದುರೆಯ ಹುರುಳಿ ಎಲ್ಲಿಂದ ಬಂತು?

ಕೇಳುಗರೆಲ್ಲರಿಗೂ ನಮಸ್ಕಾರ.

ಕಥೆ ಬರೆಯುವ ಹುಡುಗ ಹುಡುಗಿಯರು ತಾವು ಬರೆದದ್ದನ್ನು ಆಗಾಗ ನನಗೆ ತಂದುಕೊಡುತ್ತಾರೆ. ನಾನು ಇತಿಹಾಸದ ಮೇಷ್ಟ್ರು, ಆಸೆಯಿಂದಲೇ ಓದುತ್ತೇನೆ. ಈಚೆಗೆ ಹೆಚ್ಚಾಗಿ ಬರುವುದು ಕಲ್ಪನೆಯ ರಾಜ್ಯದ ಕಥೆಗಳು. ಅಲ್ಲಿ ರಾಜನಿಗಿಂತ ಬಲವಾದ ಧರ್ಮಯೋಧರ ಪಂಗಡವೊಂದು ಇರುತ್ತದೆ. ನಿಲುವಂಗಿ, ಕತ್ತಿ, ಶಪಥ ಎಲ್ಲವೂ ಇರುತ್ತದೆ. ಆದರೆ ಆ ಯೋಧರ ಊಟದ ಖರ್ಚು ಯಾರದು? ಕುದುರೆಗೆ ಹುರುಳಿ ಎಲ್ಲಿಂದ ಬಂತು? ಅದನ್ನು ಯಾರೂ ಬರೆಯುವುದಿಲ್ಲ. ಇವತ್ತು ನಾನು ಕೇಳುವುದು ಇದೊಂದೇ ಪ್ರಶ್ನೆ.

ಅಂಥ ರಾಜ್ಯ ನಿಜವಾಗಿಯೂ ಇತ್ತು. ಟ್ಯೂಟಾನಿಕ್ ಯೋಧರು ಎಂಬ ಜರ್ಮನ್ ಕ್ರೈಸ್ತ ಪಂಗಡದ್ದು. ಬಿಳಿ ನಿಲುವಂಗಿ, ಅದರ ಮೇಲೆ ಕಪ್ಪು ಶಿಲುಬೆ. ಮದುವೆಯಾಗುವಂತಿಲ್ಲ, ಸ್ವಂತ ಆಸ್ತಿ ಇಟ್ಟುಕೊಳ್ಳುವಂತಿಲ್ಲ. ಈ ಪಂಗಡ ಬಾಲ್ಟಿಕ್ ಕಡಲತೀರದ ಪ್ರಷ್ಯಕ್ಕೆ ಬಂದು, ಅಲ್ಲಿನ ಮೂಲನಿವಾಸಿಗಳನ್ನು ಕತ್ತಿಯ ಬಲದಿಂದ ಕ್ರೈಸ್ತರನ್ನಾಗಿ ಮಾಡಿ, ತಾನೇ ದೊರೆಯಾಗಿ ಕೂತಿತು. 1309ರಿಂದ ಮರಿಯೆನ್‌ಬುರ್ಗ್ ಕೋಟೆ ಅದರ ರಾಜಧಾನಿ. ಇವತ್ತಿನ ಪೋಲೆಂಡಿನ ಮಾಲ್ಬೋರ್ಕ್ ಅದು. ಖರ್ಚು ತೂಗಿಸಿದ್ದು ದವಸದ ವ್ಯಾಪಾರ, ಜೊತೆಗೆ ಸಮುದ್ರದ ದಡದಲ್ಲಿ ಸಿಗುವ ಆಂಬರ್. ಕಲ್ಲಾಗಿ ಹೋದ ಮರದ ಅಂಟು ಅದು, ಜೇನಿನ ಬಣ್ಣ. ಅದರ ಜಪಮಾಲೆಗೆ ಯುರೋಪಿನಲ್ಲೆಲ್ಲ ಬೇಡಿಕೆ. ಆ ವ್ಯಾಪಾರ ಪೂರ್ತಿ ಪಂಗಡದ ಹಿಡಿತದಲ್ಲಿತ್ತು.

ಈಗ ನನಗೆ ತುಂಬಾ ಇಷ್ಟವಾದ ಸಂಗತಿ ಹೇಳುತ್ತೇನೆ. 1410ರ ಜುಲೈ 15ರಂದು ಗ್ರುನ್‌ವಾಲ್ಡ್‌ನಲ್ಲಿ ಪೋಲೆಂಡ್ ಮತ್ತು ಲಿಥುವೇನಿಯದ ಸೇನೆಗಳು ಸೇರಿ ಇವರನ್ನು ಸೋಲಿಸಿದವು. ಪಂಗಡದ ಮುಖ್ಯಸ್ಥ ಉಲ್ರಿಕ್ ಅಲ್ಲೇ ಸತ್ತ. ಗೆದ್ದವರು ಬಂದು ಮರಿಯೆನ್‌ಬುರ್ಗ್ ಕೋಟೆಗೆ ಮುತ್ತಿಗೆ ಹಾಕಿದರು. ಕೋಟೆಯೊಳಗೆ ಒಂದು ಊಟದ ಮನೆ ಇದೆ. ಅದರ ಕಮಾನು ಚಾವಣಿಯ ಭಾರವನ್ನೆಲ್ಲ ನಡುವಿನ ಒಂದೇ ಒಂದು ಕಲ್ಲಿನ ಕಂಬ ಹೊತ್ತಿದೆ. ಆ ಕಂಬಕ್ಕೇ ಗುರಿಯಿಟ್ಟು ಹೊರಗಿನಿಂದ ಫಿರಂಗಿ ಹಾರಿಸಿದರಂತೆ. ಕಂಬ ಉರುಳಿದರೆ ಒಳಗೆ ಕೂತ ನಾಯಕರೆಲ್ಲ ಒಟ್ಟಿಗೇ ಅಪ್ಪಚ್ಚಿ! ಗುಂಡು ಗುರಿ ತಪ್ಪಿ ಎದುರಿನ ಗೋಡೆಗೆ ಹೊಕ್ಕಿತು ಎಂದು ಕಥೆ. ಗೋಡೆಯಲ್ಲಿ ಸಿಕ್ಕಿಕೊಂಡ ಆ ಕಲ್ಲಿನ ಗುಂಡನ್ನು ಇವತ್ತಿಗೂ ತೋರಿಸುತ್ತಾರೆ. ಸುಮಾರು ಎರಡು ತಿಂಗಳು ಕಾದು ಪೋಲೆಂಡಿನ ರಾಜ ಹಿಂದಕ್ಕೆ ಹೋದ. ಕೋಟೆ ಬೀಳಲಿಲ್ಲ.

ಅಲ್ಲಿಗೇ ಕಥೆ ಮುಗಿಸಬೇಡಿ, ದಯವಿಟ್ಟು ಮುಂದೆ ಕೇಳಿ. ಕೋಟೆ ಉಳಿದರೂ ಯುದ್ಧ ಸೋತ ಪಂಗಡ ಪೋಲೆಂಡಿಗೆ ದಂಡದ ಹಣ ಕಟ್ಟಬೇಕು, ಅದಕ್ಕೆ ತೆರಿಗೆ ಏರಿಸಬೇಕು. 1454ರಲ್ಲಿ ಅವರದೇ ಪಟ್ಟಣಗಳು, ಅವರದೇ ಜಮೀನ್ದಾರರು ತಿರುಗಿಬಿದ್ದು ಪೋಲೆಂಡಿನ ರಾಜನ ಪಕ್ಷ ಸೇರಿದರು. ಪಂಗಡ ಕೂಲಿಗೆ ಸೈನಿಕರನ್ನು ತಂದಿತು. ಸಂಬಳ ಕೊಡಲು ಹಣವಿಲ್ಲದೆ ಕೋಟೆಯನ್ನೇ ಅವರಿಗೆ ಒತ್ತೆ ಇಟ್ಟಿತು. ಬಾಕಿ ಬರಲೇ ಇಲ್ಲ. 1457ರಲ್ಲಿ ಆ ಸೈನಿಕರು ಕೋಟೆಯನ್ನು ಪೋಲೆಂಡಿನ ರಾಜ ನಾಲ್ಕನೆಯ ಕಾಜಿಮಿರ್‌ಗೆ ಮಾರಿಬಿಟ್ಟರು! ಫಿರಂಗಿಗೆ ಬೀಳದ ಕೋಟೆ ಸಂಬಳದ ಬಾಕಿಗೆ ಹೋಯಿತು. ಪಂಗಡದ ಮುಖ್ಯಸ್ಥ ಜಾಗ ಖಾಲಿಮಾಡಿ ಪ್ರಷ್ಯದ ಇನ್ನೊಂದು ಊರಾದ ಕ್ಯೋನಿಗ್ಸ್‌ಬರ್ಗ್ ಸೇರಬೇಕಾಯಿತು.

ಲಿಥುವೇನಿಯ 1387ರಲ್ಲಿ ತಾನಾಗಿಯೇ ಕ್ರೈಸ್ತವಾದ ಮೇಲೆ ಇವರ ಧರ್ಮಯುದ್ಧಕ್ಕೆ ನೆಪವೇ ಇಲ್ಲವಾಯಿತು. ಅದೂ ದೊಡ್ಡ ವಿಷಯವೇ, ಆದರೆ ಸಮಯ ಮುಗಿಯುತ್ತಾ ಬಂತು. 1525ರಲ್ಲಿ ಮುಖ್ಯಸ್ಥ ಆಲ್‌ಬ್ರೆಕ್ಟ್ ಬಿಳಿ ನಿಲುವಂಗಿ ಕಳಚಿಟ್ಟು, ಲೂಥರನ ಪ್ರೊಟೆಸ್ಟಂಟ್ ಮತ ಹಿಡಿದು, ಕ್ರಾಕೋವ್ ನಗರದಲ್ಲಿ ಪೋಲೆಂಡಿನ ರಾಜನ ಮುಂದೆ ಮಂಡಿಯೂರಿದ. ಪಂಗಡದ ಪ್ರಷ್ಯ ಅವನ ಮನೆತನದ ಸಂಸ್ಥಾನವಾಯಿತು.

ನಮಸ್ಕಾರ.